ಕಡಲಲ್ಲಿ ಐದು ದಿನ, ಜೇಬಿನಲ್ಲಿ ಒಂದು ಎಸ್‌ಎಸ್‌ಡಿ: ಸ್ಯಾಮ್‌ಸಂಗ್ ಟಿ7 ಶೀಲ್ಡ್

ವಿರಾಜಪೇಟೆಯ ಕಡೆಯವರಿಗೆ ಕಡಲು ಬಹಳ ದೂರವೇನಲ್ಲ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟು, ಪೆರುಂಬಾಡಿ ದಾಟಿ, ಮಾಕುಟ್ಟದ ಘಾಟಿ ಇಳಿದು, ಇರಿಟ್ಟಿಯ ಮೇಲೆ ಹೋದರೆ ಮಧ್ಯಾಹ್ನದ ಊಟವನ್ನು ಕಣ್ಣೂರಿನಲ್ಲಿ ಮಾಡಬಹುದು. ಆದರೆ ದಡದಲ್ಲಿ ನಿಂತು ಕಡಲು ನೋಡುವುದು ಬೇರೆ, ಅದರ ಮೇಲೆ ರಾತ್ರಿಗಳನ್ನು ಕಳೆಯುವುದು ಬೇರೆ. ಕಳೆದ ಫೆಬ್ರುವರಿಯಲ್ಲಿ, ಅರೇಬಿಕಾ ಕೊಯ್ಲು ಮುಗಿದು ರೊಬಸ್ಟಾ ಕಣದಲ್ಲಿ ಒಣಗುತ್ತಿದ್ದಾಗ, ಕಣದ ಉಸ್ತುವಾರಿಯನ್ನು ತಮ್ಮನಿಗೆ ಒಪ್ಪಿಸಿ ನಾನು, ನನ್ನ ಪತ್ನಿ, ಮಗಳು ಮತ್ತು ಚಿಕ್ಕಪ್ಪ ಕೊಚ್ಚಿಯಿಂದ ಹಡಗು ಹತ್ತಿದೆವು. ಹಗಲೆಲ್ಲ ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ ಎಂಬ ಕ್ರಮದಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್‌ಗಳನ್ನು ನೋಡಿ ಬರುವ ಐದು ದಿನಗಳ ಲಕ್ಷದ್ವೀಪ ಪ್ರವಾಸವದು. ಅಲ್ಲಿ ತೆಗೆದ ಚಿತ್ರಗಳನ್ನು ಕಾಪಾಡಿಕೊಂಡು ಮನೆ ಸೇರಿಸಲು ನಾನು ಕೊಂಡೊಯ್ದದ್ದು ಸ್ಯಾಮ್‌ಸಂಗ್ ಕಂಪನಿಯ ಟಿ7 ಶೀಲ್ಡ್ ಎಂಬ 1 ಟಿಬಿ ಸಾಮರ್ಥ್ಯದ ಎಸ್‌ಎಸ್‌ಡಿ, ಅಂದರೆ ಕಡತಗಳನ್ನು ಮೆಮೊರಿ ಚಿಪ್‌ಗಳಲ್ಲಿ ಉಳಿಸಿಡುವ ಪುಟ್ಟ ಸಾಧನ. ಅದನ್ನು ಬಳಸಿ ಕಂಡುಕೊಂಡದ್ದನ್ನು, ಇಂಥ ಪ್ರವಾಸಕ್ಕೆ ಹೊರಡುವ ನಮ್ಮ ಜಿಲ್ಲೆಯವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಫೋಟೊ ಪ್ರತಿಗಳ ವಿಷಯದಲ್ಲಿ ನನಗಿರುವ ಅತಿಯಾದ ಎಚ್ಚರಕ್ಕೆ ಕಾರಣ 2018ರ ಆಗಸ್ಟ್. ಮಕ್ಕಂದೂರಿನ ಕಡೆ ಗುಡ್ಡ ಜರಿದಾಗ ನಮ್ಮ ಬಂಧುಗಳೊಬ್ಬರ ಮನೆಯ ಒಂದು ಭಾಗ ಮಣ್ಣಿನಡಿಗೆ ಸೇರಿತು. ಅವರು ಅಸಡ್ಡೆಯವರೇನಲ್ಲ, ಮದುವೆ, ನಾಮಕರಣ, ಪುತ್ತರಿಯ ಚಿತ್ರಗಳನ್ನೆಲ್ಲ ಕಂಪ್ಯೂಟರಿನಲ್ಲಿಟ್ಟು, ಹಾರ್ಡ್ ಡಿಸ್ಕಿಗೂ ಇಳಿಸಿಕೊಂಡಿದ್ದರು. ಆದರೆ ಕಂಪ್ಯೂಟರು, ಹಾರ್ಡ್ ಡಿಸ್ಕು, ಹಳೆಯ ಆಲ್ಬಮ್‌ಗಳು ಮೂರೂ ಇದ್ದದ್ದು ಒಂದೇ ಕೋಣೆಯಲ್ಲಿ. ಮೂರು ಪ್ರತಿ ಇರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೆ ಜಾಗದಲ್ಲಿರಲಿ ಎಂದು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಸೂತ್ರವನ್ನು ನಾನು ಆಮೇಲೆ ಓದಿದೆ. ಅದರ ಕೊನೆಯ ಅಂಶ ಎಷ್ಟು ಮುಖ್ಯವೆಂಬುದು ನಮ್ಮವರಿಗೆ ಓದುವ ಮೊದಲೇ ಗೊತ್ತಾಗಿತ್ತು. ಹಾಗಾಗಿ ಈ ವಸ್ತುವನ್ನು ಅಳೆಯುವಾಗ ಅದರ ವೇಗಕ್ಕಿಂತ, ಎರಡನೆಯ ಪ್ರತಿಯನ್ನು ಮೊದಲನೆಯದರಿಂದ ದೂರವಿಡಲು ಅದು ಎಷ್ಟು ನೆರವಾಗುತ್ತದೆ ಎಂಬುದನ್ನೇ ನಾನು ಮುಖ್ಯವಾಗಿ ನೋಡಿದ್ದೇನೆ.

ಆ ದೃಷ್ಟಿಯಿಂದ ಟಿ7 ಶೀಲ್ಡ್‌ಗೆ ಒಳ್ಳೆಯ ಅಂಕ ಸಲ್ಲಬೇಕು. 2022ರಲ್ಲಿ ಮಾರುಕಟ್ಟೆಗೆ ಬಂದ ಇದರ ತೂಕ 98 ಗ್ರಾಂ. ಉದ್ದ 88 ಮಿ.ಮೀ., ಅಗಲ 59 ಮಿ.ಮೀ., ದಪ್ಪ 13 ಮಿ.ಮೀ. ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ, ಹಿಡಿಸಿದ್ದು ಮರೆತೂ ಹೋಗುತ್ತದೆ. ಹೊರಗೆ ಗೀರು ಗೀರಾದ ರಬ್ಬರಿನ ಹೊದಿಕೆಯಿರುವುದರಿಂದ ಒದ್ದೆ ಕೈಯಲ್ಲಿ ಜಾರುವುದಿಲ್ಲ. ಮೂರು ಮೀಟರ್ ಎತ್ತರದಿಂದ ಬಿದ್ದರೂ ತಡೆಯುತ್ತದೆ ಎಂದು ಕಂಪನಿ ಹೇಳುತ್ತದೆ. ಅದನ್ನು ಪರೀಕ್ಷಿಸುವ ಧೈರ್ಯ ನನಗಿರಲಿಲ್ಲ. ಆದರೆ ಒಳಗೆ ತಿರುಗುವ ತಟ್ಟೆಯಿಲ್ಲದ ಕಾರಣ, ಹಡಗಿನ ಓಲಾಟದಲ್ಲಿ ಮೇಜಿನಿಂದ ಜಾರಿ ಬಿದ್ದರೆ ಸಾಮಾನ್ಯ ಹಾರ್ಡ್ ಡಿಸ್ಕಿಗೆ ಆಗುವಂಥ ಹಾನಿಯ ಭಯ ಇದಕ್ಕೆ ಬಹುಮಟ್ಟಿಗೆ ಇಲ್ಲ.

ವೇಗದ ಬಗ್ಗೆ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವುದು ಸೆಕೆಂಡಿಗೆ 1050 ಎಂಬಿ. ಈ ಅಂಕಿಗೆ ಮರುಳಾಗಿ ಕೊಳ್ಳುವವರು ಒಂದು ಕ್ಷಣ ಯೋಚಿಸಬೇಕು. ಪ್ರವಾಸದಲ್ಲಿ ಚಿತ್ರಗಳು ಬರುವುದು ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ, ಮತ್ತು ನಮ್ಮಲ್ಲಿ ಹೆಚ್ಚಿನವರು ಬಳಸುವ ಯುಎಚ್‌ಎಸ್-1 ವರ್ಗದ ಕಾರ್ಡಿನ ಗರಿಷ್ಠ ವೇಗವೇ ಸೆಕೆಂಡಿಗೆ 104 ಎಂಬಿ. ಕೆರೆ ಎಷ್ಟೇ ದೊಡ್ಡದಿದ್ದರೂ ತುಂಬುವ ಕಾಲುವೆ ಕಿರಿದಾಗಿದ್ದರೆ ನೀರು ಅಷ್ಟೇ ಬರುವುದು. ಒಳ್ಳೆಯ ಕಾರ್ಡ್ ರೀಡರ್ ಮೂಲಕ ನನಗೆ ಸಿಕ್ಕ ವೇಗ ಸುಮಾರು 85 ಎಂಬಿ. ಆ ಲೆಕ್ಕದಲ್ಲಿ 64 ಜಿಬಿಯ ತುಂಬಿದ ಕಾರ್ಡನ್ನು ಇಳಿಸಲು ಹನ್ನೆರಡೂವರೆ ನಿಮಿಷ ಸಾಕು. ಒಂದೇ ಕಂಡಿಗೆ ಹಲವು ಸಾಧನಗಳನ್ನು ಜೋಡಿಸಲು ಬಳಸುವ ಹಬ್ ಯುಎಸ್‌ಬಿ 2.0 ದರ್ಜೆಯ ಅಗ್ಗದ್ದಾದರೆ ಅದೇ ಕೆಲಸ 35 ಎಂಬಿಗೆ ಇಳಿದು ಅರ್ಧ ಗಂಟೆ ಹಿಡಿಯುತ್ತದೆ. ಎರಡೂ ಸಂದರ್ಭಗಳಲ್ಲಿ ಎಸ್‌ಎಸ್‌ಡಿಯ ಶಕ್ತಿಯ ಬಹುಪಾಲು ಸುಮ್ಮನೆ ಕುಳಿತಿರುತ್ತದೆ. ಮನೆಗೆ ಬಂದ ಮೇಲೆ ಲ್ಯಾಪ್‌ಟಾಪಿಗೆ ಜೋಡಿಸಿ, ವಿಡಿಯೊಗಳನ್ನು ಅದರಿಂದಲೇ ನೇರವಾಗಿ ಸಂಕಲನ ಮಾಡುವಾಗ ಮಾತ್ರ ಆ ವೇಗದ ಸುಖ ತಿಳಿಯುತ್ತದೆ.

ಈ ಅಗ್ಗದ ಹಬ್‌ನ ಮಾತು ಬಂದದ್ದರಿಂದ ಮೊದಲ ರಾತ್ರಿಯ ಪ್ರಸಂಗವನ್ನು ಹೇಳಲೇಬೇಕು. ಹೊರೆ ಕಡಿಮೆಯಾಗಲಿ ಎಂದು ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟಿದ್ದೆ. ಆಂಡ್ರಾಯ್ಡ್ ಫೋನಿಗೆ ಒಂದು ಹಬ್, ಹಬ್‌ನ ಒಂದು ಬದಿಗೆ ಕಾರ್ಡ್, ಇನ್ನೊಂದು ಬದಿಗೆ ಎಸ್‌ಎಸ್‌ಡಿ, ಫೈಲ್ಸ್ ಆ್ಯಪ್‌ನಲ್ಲಿ ಎಲ್ಲವನ್ನೂ ಆಯ್ದು ನಕಲು ಮಾಡುವುದು ಎಂಬುದು ನನ್ನ ಯೋಜನೆ. ಮನೆಯಲ್ಲಿ ಹತ್ತಿಪ್ಪತ್ತು ಚಿತ್ರಗಳಿಂದ ಪರೀಕ್ಷಿಸಿದಾಗ ಏನೂ ತೊಂದರೆಯಾಗಿರಲಿಲ್ಲ. ಹಡಗಿನಲ್ಲಿ ನಕಲು ಶುರುಮಾಡಿ ಊಟಕ್ಕೆ ಹೋಗಿ ಬಂದೆ; ಫೋನಿನ ಪರದೆಯಲ್ಲಿ ಯಾವ ದೋಷದ ಸೂಚನೆಯೂ ಇರಲಿಲ್ಲ. ಮಲಗುವ ಮುನ್ನ ಸುಮ್ಮನೆ ಎಣಿಸಿ ನೋಡಿದರೆ ಕಾರ್ಡಿನಲ್ಲಿ 612 ಕಡತಗಳು, ಎಸ್‌ಎಸ್‌ಡಿಯಲ್ಲಿ 571. ನಲವತ್ತೊಂದು ಚಿತ್ರಗಳು ಬಂದೇ ಇರಲಿಲ್ಲ. ಫೋನಿನ ಬ್ಯಾಟರಿ ಕಡಿಮೆಯಾಗಿ ಪರದೆ ಆರಿದ ಮೇಲೆ, ಎರಡೆರಡು ಸಾಧನಗಳಿಗೆ ಬೇಕಾದ ವಿದ್ಯುತ್ತನ್ನು ಆ ಹಬ್ ಸರಿಯಾಗಿ ಒದಗಿಸಲಾಗದೆ ಕಾರ್ಡಿನ ಸಂಪರ್ಕ ಕಡಿದಿತ್ತೆಂದು ನನ್ನ ಅಂದಾಜು. ಎಸ್‌ಎಸ್‌ಡಿಯದು ಇದರಲ್ಲಿ ತಪ್ಪಿಲ್ಲ. ತಪ್ಪು ಹಬ್‌ನದು, ಅದಕ್ಕಿಂತ ಹೆಚ್ಚಾಗಿ ನಕಲು ನಡೆಯುವಾಗ ಎದ್ದು ಹೋದ ನನ್ನದು. ಎಣಿಸದೆ ಕಾರ್ಡನ್ನು ಫಾರ್ಮ್ಯಾಟ್ ಮಾಡಿದ್ದರೆ ಕವರತ್ತಿಯ ಸಂಜೆ ಪೂರ್ತಿ ಹೋಗುತ್ತಿತ್ತು.

ಎರಡನೆಯ ರಾತ್ರಿಯಿಂದ ಕ್ರಮ ಬದಲಾಯಿಸಿದೆ. ಹಬ್‌ಗೆ ಪವರ್ ಬ್ಯಾಂಕ್ ಜೋಡಿಸಿದೆ, ಫೋನಿನ ಪರದೆ ಆರದಂತೆ ಇಟ್ಟೆ, ಇಡೀ ಕಾರ್ಡನ್ನು ಒಟ್ಟಿಗೆ ನಕಲಿಸದೆ ನೂರು ನೂರು ಕಡತಗಳಂತೆ ಇಳಿಸಿದೆ, ಪ್ರತಿ ಬಾರಿ ಸಂಖ್ಯೆಯನ್ನೂ ಒಟ್ಟು ಗಾತ್ರವನ್ನೂ ಹೋಲಿಸಿದೆ, ನಡುನಡುವೆ ನಾಲ್ಕೈದು ಚಿತ್ರಗಳನ್ನು ಎಸ್‌ಎಸ್‌ಡಿಯಿಂದಲೇ ತೆರೆದು ನೋಡಿದೆ. ಮತ್ತೆ ಒಂದೂ ತಪ್ಪಲಿಲ್ಲ. ಲ್ಯಾಪ್‌ಟಾಪ್ ಒಯ್ಯುವವರಿಗೆ ಟೆರಾಕಾಪಿಯಂಥ ತಂತ್ರಾಂಶ ಈ ತಾಳೆ ನೋಡುವ ಕೆಲಸವನ್ನು ತಾನೇ ಮಾಡಿಕೊಡುತ್ತದೆ. ಫೋನಿನ ಮೇಲೆ ನಂಬಿಕೆಯಿಟ್ಟವರು ಕಣ್ಣಿನಿಂದಲೇ ಮಾಡಬೇಕು. ಎಸ್‌ಎಸ್‌ಡಿಯನ್ನು ಎಕ್ಸ್‌ಫ್ಯಾಟ್ ಎಂಬ ಕಡತ ಜೋಡಣೆಯ ವ್ಯವಸ್ಥೆಯಲ್ಲೇ ಇಟ್ಟುಕೊಳ್ಳಬೇಕು ಎಂಬುದೂ ಇಲ್ಲಿ ಮುಖ್ಯ. ಅದಾದರೆ ವಿಂಡೋಸ್, ಮ್ಯಾಕ್, ಈಗಿನ ಬಹುತೇಕ ಆಂಡ್ರಾಯ್ಡ್ ಫೋನ್‌ಗಳೆಲ್ಲ ಓದುತ್ತವೆ, 4 ಜಿಬಿ ಮೀರಿದ ವಿಡಿಯೊಗೂ ಜಾಗ ಕೊಡುತ್ತದೆ. ಆದರೆ ನಡುವೆ ಸಂಪರ್ಕ ಕಡಿದರೆ ತನ್ನನ್ನು ತಾನು ಸರಿಪಡಿಸಿಕೊಳ್ಳುವ ದಾಖಲೆ ಆ ವ್ಯವಸ್ಥೆಯಲ್ಲಿಲ್ಲ. ಹಾಗಾಗಿ ‘ಇಜೆಕ್ಟ್’ ಒತ್ತದೆ ಕೇಬಲ್ ಕೀಳಬಾರದು.

ಇಷ್ಟೆಲ್ಲ ಪಾಡು ಏಕೆ, ಎಲ್ಲವನ್ನೂ ಕ್ಲೌಡ್‌ಗೆ ಏರಿಸಿದರಾಗದೇ ಎಂದು ಕೇಳುವವರಿದ್ದಾರೆ. ಕೊಚ್ಚಿಯ ಬಂದರು ಬಿಟ್ಟು ದಡ ಮರೆಯಾದ ಮೇಲೆ ಮೊಬೈಲ್ ಸಿಗ್ನಲ್ ಕೂಡ ಮರೆಯಾಗುತ್ತದೆ. ದೊಡ್ಡ ಕ್ರೂಸ್ ಹಡಗುಗಳಲ್ಲಿ ಉಪಗ್ರಹದ ಇಂಟರ್ನೆಟ್ ಇದೆ. ರಾಯಲ್ ಕೆರಿಬಿಯನ್‌ನಂಥ ಕಂಪನಿ 2022ರಲ್ಲೇ ತನ್ನ ಹಡಗುಗಳಿಗೆ ಸ್ಟಾರ್‌ಲಿಂಕ್ ತರುವುದಾಗಿ ಪ್ರಕಟಿಸಿತು. ಆದರೂ ಅದಕ್ಕೆ ಪ್ರತ್ಯೇಕವಾಗಿ ಹಣ ತೆರಬೇಕು, ಸಾವಿರಾರು ಪ್ರಯಾಣಿಕರ ನಡುವೆ ಹಂಚಿಕೊಳ್ಳಬೇಕು. ಅಂಥ ಹಡಗುಗಳಲ್ಲಿ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡದಿದ್ದರೆ ಕಡಲ ರೋಮಿಂಗ್‌ನ ಬಿಲ್ ಬೇರೆ. ಲಕ್ಷದ್ವೀಪದ ಮಟ್ಟಿಗೆ, 2024ರ ಜನವರಿಯಲ್ಲಿ ಕೊಚ್ಚಿಯಿಂದ ದ್ವೀಪಗಳಿಗೆ ಸಮುದ್ರದಡಿಯ ಆಪ್ಟಿಕಲ್ ಫೈಬರ್ ಕೇಬಲ್ ಉದ್ಘಾಟನೆಯಾಯಿತು, ದಡದಲ್ಲಿ ಡೇಟಾ ಸಿಗುತ್ತದೆ. ಆದರೆ ದ್ವೀಪದಲ್ಲಿ ನಮಗಿರುವುದು ಹಗಲಿನ ಕೆಲವೇ ಗಂಟೆಗಳು. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ ಹತ್ತಿ ನಿಂತು ಲಗೂನಿನ ಬಣ್ಣ ನೋಡುವ ಬದಲು ಅಪ್‌ಲೋಡ್‌ನ ಪಟ್ಟಿ ತುಂಬುವುದನ್ನು ನೋಡುತ್ತ ಕೂರುವುದು ಬುದ್ಧಿವಂತಿಕೆಯಲ್ಲ. ದಿನಕ್ಕೆ ಇಪ್ಪತ್ತು ಆಯ್ದ ಜೆಪೆಗ್ ಚಿತ್ರಗಳನ್ನು ಮಾತ್ರ ಅಲ್ಲಿಂದ ಏರಿಸಿದೆ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೇ ನಿಂತಿದೆ. ಈಗ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಉಚಿತವಾಗಿ ಸಿಗುವುದು 15 ಜಿಬಿ. ನಮ್ಮ ಐದು ದಿನಗಳ ಒಟ್ಟು ಗಾತ್ರ 96 ಜಿಬಿ ಆಗಿತ್ತು. ಇದರಲ್ಲಿ ಹೆಚ್ಚಿನ ಪಾಲು ಮಗಳು ತೆಗೆದ 4ಕೆ ವಿಡಿಯೊಗಳದು; 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್) ಗುಣಮಟ್ಟದಲ್ಲಿ ಒಂದು ಗಂಟೆಯ ವಿಡಿಯೊ 45 ಜಿಬಿ ನುಂಗುತ್ತದೆ ಎಂಬುದನ್ನು ಹೊರಡುವ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಎಸ್‌ಎಸ್‌ಡಿಯ ನಿಜವಾದ ಗುಣ ತಿಳಿದದ್ದು ಹಡಗಿನಿಂದ ದ್ವೀಪಕ್ಕೆ ಸಣ್ಣ ದೋಣಿಯಲ್ಲಿ ಇಳಿದು ಹೋಗುವಾಗ. ಅಲೆಯ ಮೇಲೆ ಏರಿಳಿಯುವ ದೋಣಿಗೆ ಕಾಲಿಡುವಾಗ ಕ್ಯಾಮೆರಾದ ಚೀಲ ನೀರಿಗೆ ಬೀಳುವ ಸಾಧ್ಯತೆ ಯಾವಾಗಲೂ ಇದೆ. ಆ ಚೀಲದಲ್ಲೇ ಕಾರ್ಡೂ ಎಸ್‌ಎಸ್‌ಡಿಯೂ ಇದ್ದರೆ ಎರಡು ಪ್ರತಿಯಿದ್ದೂ ಒಂದೇ ಪ್ರತಿಯಿದ್ದಂತೆ. ಆದ್ದರಿಂದ ತುಂಬಿದ ಕಾರ್ಡುಗಳನ್ನು ಅಳಿಸದೆ ಪತ್ನಿಯ ಕೈಚೀಲದಲ್ಲಿಟ್ಟು, ಎಸ್‌ಎಸ್‌ಡಿಯನ್ನು ಕ್ಯಾಬಿನ್‌ನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಬಿಟ್ಟು, ಖಾಲಿ ಕಾರ್ಡಿನೊಂದಿಗೆ ದೋಣಿ ಇಳಿಯುತ್ತಿದ್ದೆ. ಮರಳುವ ದಿನ ಮಾತ್ರ ಅದು ನನ್ನ ಜೇಬಿಗೆ ಬಂತು. ಎರಡು ಕಾರ್ಡುಗಳಿಗೆ ಏಕಕಾಲಕ್ಕೆ ಬರೆಯುವ ಕ್ಯಾಮೆರಾ ಇದ್ದವರಿಗೆ ಇನ್ನೂ ಒಂದು ಭದ್ರತೆ ಸಿಗುತ್ತದೆ. ನನ್ನದರಲ್ಲಿ ಒಂದೇ ಕಂಡಿ.

ಚಿಕ್ಕಪ್ಪನ ಹಳೆಯ ಐಫೋನ್ ಈ ವ್ಯವಸ್ಥೆಗೆ ಹೊಂದಲಿಲ್ಲ. ಯುಎಸ್‌ಬಿ-ಸಿ ಕಂಡಿ ಐಫೋನಿಗೆ ಬಂದದ್ದು 2023ರ 15ನೆಯ ಸರಣಿಯಿಂದ. ಅದಕ್ಕೆ ಹಿಂದಿನ ಲೈಟ್ನಿಂಗ್ ಫೋನ್‌ಗಳಿಗೆ ಬೇರೆ ಅಡಾಪ್ಟರು ಬೇಕು, ಎಸ್‌ಎಸ್‌ಡಿಗೆ ಹೊರಗಿನ ವಿದ್ಯುತ್ತೂ ಬೇಕಾಗಬಹುದು. “ನಿನ್ನ ಡಬ್ಬಿಗೆ ನನ್ನ ಫೋನ್ ಆಗುವುದಿಲ್ಲವೇನಪ್ಪಾ?” ಎಂದು ಅವರು ಎರಡು ರಾತ್ರಿ ಕೇಳಿದರು. ಕೊನೆಗೆ ಅವರ ಚಿತ್ರಗಳನ್ನು ಇಂಟರ್ನೆಟ್ ಬೇಡದ ಸ್ಥಳೀಯ ವೈಫೈ ಮೂಲಕ ನನ್ನ ಫೋನಿಗೆ ತಂದು, ಅಲ್ಲಿಂದ ಎಸ್‌ಎಸ್‌ಡಿಗೆ ಇಳಿಸಿದ್ದಾಯಿತು.

ನೀರಿನ ವಿಷಯದಲ್ಲಿ ಸ್ವಲ್ಪ ಸ್ಪಷ್ಟತೆ ಬೇಕು. ಟಿ7 ಶೀಲ್ಡ್‌ಗೆ ಐಪಿ65 ದರ್ಜೆಯಿದೆ. ಇದರಲ್ಲಿ 6 ಎಂದರೆ ಧೂಳು ಒಳಹೋಗದು, 5 ಎಂದರೆ ಪಿಚಕಾರಿಯಂತೆ ಚಿಮ್ಮುವ ನೀರನ್ನು ತಡೆದೀತು ಎಂದಷ್ಟೇ, ಮುಳುಗಿಸಬಹುದೆಂದು ಅರ್ಥವಲ್ಲ. ಆ ಪರೀಕ್ಷೆ ನಡೆಯುವುದೂ ಸಿಹಿನೀರಿನಲ್ಲಿ. ಡೆಕ್ಕಿನ ಮೇಲೆ ಒಂದು ತಾಸು ನಿಂತರೆ ಕನ್ನಡಕದ ಮೇಲೆ ಉಪ್ಪಿನ ಪೊರೆ ಕೂರುತ್ತದೆ. ಅದೇ ಪೊರೆ ಯುಎಸ್‌ಬಿ ಕಂಡಿಯೊಳಗಿನ ಲೋಹದ ಮೇಲೂ ಕೂರುತ್ತದೆ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟಿದ್ದೆ. ಆಟಿ ತಿಂಗಳ ಮಳೆಯಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಕಾಪಾಡುವ ಕೊಡಗಿನವರಿಗೆ ಇದನ್ನು ಕಲಿಸಬೇಕಾಗಿಲ್ಲ. ಈ ಮಳೆಗಾಲದಲ್ಲೂ ಅದೇ ಚೀಲದಲ್ಲಿದೆ, ಕಂಡಿ ಹೊಳೆಯುತ್ತಿದೆ.

ಗುಪ್ತಪದದ ಸೌಲಭ್ಯವಿದೆ, 256 ಬಿಟ್‌ನ ಎಇಎಸ್ ಗೂಢಲಿಪೀಕರಣ ಯಂತ್ರಾಂಶದಲ್ಲೇ ನಡೆಯುತ್ತದೆ. ಆದರೆ ಗುಪ್ತಪದ ಮರೆತರೆ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡುವುದೊಂದೇ ದಾರಿ. ಮನೆಯವರೆಲ್ಲ ತೆರೆಯಬೇಕಾದ ಚಿತ್ರಗಳಿಗೆ ನಾನು ಅದನ್ನು ಹಾಕಲಿಲ್ಲ. ಮೂರು ವರ್ಷಗಳ ವಾರಂಟಿ ವಸ್ತುವಿಗೆ ಮಾತ್ರ, ಒಳಗಿನ ಚಿತ್ರಗಳಿಗಲ್ಲ ಎಂಬುದನ್ನೂ ನೆನಪಿಡಬೇಕು.

ಮೈಸೂರಿನ ಅಂಗಡಿಯೊಂದರಲ್ಲಿ ನಾನು ಕೊಂಡಾಗ ಬೆಲೆ ಹತ್ತು ಸಾವಿರ ರೂಪಾಯಿಗೆ ತುಸು ಕಡಿಮೆಯಿತ್ತು. ಮೆಮೊರಿ ಚಿಪ್‌ಗಳ ಬೆಲೆ ಏರಿಳಿಯುವುದರಿಂದ ಕೊಳ್ಳುವ ದಿನದ ದರವನ್ನೇ ನೋಡಬೇಕು. ಅಷ್ಟೇ ಸಾಮರ್ಥ್ಯದ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಇದಕ್ಕಿಂತ ಅಗ್ಗ, ಮತ್ತು ಕಾರ್ಡಿನಿಂದ ಇಳಿಸುವ ವೇಗಕ್ಕೆ ಅದೂ ಸಾಲುತ್ತದೆ. ಮನೆಯಲ್ಲಿ ಕಪಾಟಿನಲ್ಲಿಡಲು ಅದೇ ವಾಸಿ. ವರ್ಷಗಟ್ಟಲೆ ವಿದ್ಯುತ್ ಕಾಣದೆ ಬಿದ್ದಿರುವ ಕೆಲಸಕ್ಕೆ ಎಸ್‌ಎಸ್‌ಡಿ ತಕ್ಕುದಲ್ಲ. ಹಡಗು, ದೋಣಿ, ಬಸ್ಸುಗಳ ಕುಲುಕಾಟಕ್ಕೆ ಟಿ7 ಶೀಲ್ಡ್ ಸರಿ. ಬರೀ ಫೋನಿನಲ್ಲಿ ಚಿತ್ರ ತೆಗೆಯುವವರಿಗೆ ಇದು ಹೆಚ್ಚಿನ ಖರ್ಚು, ಯುಎಸ್‌ಬಿ-ಸಿ ಇರುವ ಒಂದು ಪೆನ್‌ಡ್ರೈವ್ ಸಾಕು.

ಊರಿಗೆ ಮರಳಿದ ಮೇಲೆ ಇನ್ನೊಂದು ಲೆಕ್ಕ ಎದುರಾಯಿತು. ತೋಟದ ಮನೆಯಲ್ಲಿ ನಮಗೆ ಸಿಗುವ ಅಪ್‌ಲೋಡ್ ವೇಗ 5 ಎಂಬಿಪಿಎಸ್. 96 ಜಿಬಿಯನ್ನು ಕ್ಲೌಡ್‌ಗೆ ಏರಿಸಲು ಎಡೆಬಿಡದೆ ಸುಮಾರು 43 ಗಂಟೆ ಬೇಕು, ಅದೂ ಕರೆಂಟು ಹೋಗದಿದ್ದರೆ. ಹಾಗಾಗಿ ಎಸ್‌ಎಸ್‌ಡಿಯಿಂದ ಒಂದು ಹಳೆಯ ಹಾರ್ಡ್ ಡಿಸ್ಕಿಗೆ ಇಳಿಸಿ, ಮೈಸೂರಿನಲ್ಲಿರುವ ತಂಗಿಯ ಮನೆಗೆ ಹೋಗುವ ಬಸ್ಸಿನಲ್ಲಿ ಮಗಳ ಕೈಯಲ್ಲೇ ಕಳುಹಿಸಿದೆ. ಡಿಸ್ಕು ಅದೇ ಸಂಜೆ ತಲುಪಿತು. ತಂಗಿ ಅದರಲ್ಲಿನ ಕಡತಗಳನ್ನು ಎಣಿಸಿ ಸಂಖ್ಯೆಯನ್ನು ಫೋನಿನಲ್ಲಿ ಓದಿ ಹೇಳುವವರೆಗೆ ಮೆಮೊರಿ ಕಾರ್ಡುಗಳನ್ನು ನಾನು ಅಳಿಸಲಿಲ್ಲ.