ಅಡುಗೆಮನೆ ನೋಡದವರಿಂದ ವೆಬ್‌ಸೈಟ್ ಬರೆಸಬೇಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಲ್ಲಿ ಉಪ್ಪಿನಕಾಯಿ, ಜೇನುತುಪ್ಪ, ಹಲಸಿನ ಹಪ್ಪಳ ಮಾಡಿ ಮಾರುವ ಮನೆಗಳಿಗೆ ಈಗ ಒಂದು ಬಗೆಯ ಫೋನ್ ಕರೆ ಬರುತ್ತಿದೆ: "ವೆಬ್‌ಸೈಟ್ ಮಾಡಿಕೊಡುತ್ತೇವೆ, ಅದರ ಬರಹವನ್ನೂ ನಾವೇ ನೋಡಿಕೊಳ್ಳುತ್ತೇವೆ." ಆ ಎರಡನೆಯ ಮಾತಿಗೆ ಒಪ್ಪಬೇಡಿ. ಸಾಗರದ ಹತ್ತಿರದ ನಮ್ಮ ಮನೆಯ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿಗೆ ಅಂಥದೊಂದು ಸಂಸ್ಥೆ ಬರೆದುಹಾಕಿದ ಪುಟಗಳಿಂದ ಹಣ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಅತ್ತೆಯ ಕೈರುಚಿ ನಂಬಿಕೊಂಡು ಬಂದಿದ್ದ ಕೆಲವರು ದೂರವಾದರು.

ಬರೆದವರಲ್ಲಿ ಒಬ್ಬರೂ ನಮ್ಮ ಮನೆಗೆ ಬರಲಿಲ್ಲ. ಮಿಡಿ ಕೊಯ್ಲಿನ ಹೊತ್ತಿಗೆ ಬಂದು ನೋಡಿ ಎಂದು ಕರೆದರೆ, "ಫೋಟೊ ಕಳಿಸಿ ಮೇಡಂ, ಸಾಕು" ಎಂದರು. ಪ್ರಕಟಿಸುವ ಮೊದಲು ಓದಲು ಕೊಡಿ ಎಂದು ಕೇಳಿಯೇ ಇದ್ದೆವು. ಕೊಡಲಿಲ್ಲ. ಒಂದು ಬೆಳಿಗ್ಗೆ ಸೈಟ್ ತೆರೆದಿದೆ ಎಂಬ ಸಂದೇಶ ಬಂತು.

ಮುಖಪುಟದಲ್ಲಿ "ವಿಶ್ವದರ್ಜೆಯ ಗುಣಮಟ್ಟ, ಅಪ್ರತಿಮ ಸೇವೆ, ಸಾವಿರಾರು ಸಂತೃಪ್ತ ಗ್ರಾಹಕರು" ಎಂದಿತ್ತು. ಟೈಲ್ಸ್ ಅಂಗಡಿಗೂ ಒಪ್ಪುವ ಸಾಲು ಅದು. ಮಿಡಿಯ ಬಗ್ಗೆ ಏನೂ ಹೇಳುವುದಿಲ್ಲ. ಕೆಳಗಿನದು ಅಪಾಯದ ಮಾತು: "ರಕ್ತದೊತ್ತಡ ಹಾಗೂ ಮಧುಮೇಹವನ್ನು ಹತೋಟಿಯಲ್ಲಿಡುವ ಔಷಧೀಯ ಉಪ್ಪಿನಕಾಯಿ." ವಾರಗಟ್ಟಲೆ ಉಪ್ಪಿನಲ್ಲಿ ಕೂತ ಮಿಡಿಯ ಬಗ್ಗೆ ಹೀಗೆ ಬರೆದಿದ್ದರು. ಬಿಪಿ ಇರುವ ನಮ್ಮ ಅತ್ತೆ ತಾವು ಹಾಕಿದ ಉಪ್ಪಿನಕಾಯಿಯನ್ನು ತಾವೇ ಬಾಯಿಗಿಡುವುದಿಲ್ಲ.

ತೆಗೆಸಿ ಎಂದು ಒತ್ತಾಯಿಸಿದೆವು. "ಗೂಗಲ್‌ನಲ್ಲಿ ಮೇಲೆ ಬರಬೇಕಾದರೆ ಇಂಥ ಪದಗಳು ಬೇಕು" ಎಂಬ ಉತ್ತರ ಬಂತು. ಬದಲಾವಣೆಗೆ ಪುಟಕ್ಕಿಷ್ಟು ಎಂದು ಬೇರೆ ದರ ಹೇಳಿದರು. ಪಾಸ್‌ವರ್ಡ್ ಅವರ ಕೈಯಲ್ಲಿತ್ತು. ಈ ಹಗ್ಗಜಗ್ಗಾಟ ನಡೆದಿರುವಾಗಲೇ ದಾವಣಗೆರೆಯಿಂದ ಒಬ್ಬ ಹೆಣ್ಣುಮಗಳ ಫೋನ್ ಬಂತು. ಅವರ ತಂದೆಗೆ ಡಾಕ್ಟರ್ ಉಪ್ಪು ಕಡಿಮೆ ಮಾಡಿಸಿದ್ದರಂತೆ. ನಮ್ಮ ಸೈಟ್ ಓದಿ ತರಿಸಿಕೊಂಡ ಆ ಹಿರಿಯರು ಊಟಕ್ಕೆ ಎರಡೆರಡು ಮಿಡಿ ಹಾಕಿಸಿಕೊಳ್ಳುತ್ತಿದ್ದರು. ಅತ್ತೆ ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ಅಮ್ಮಾ, ಅದನ್ನು ಈಗಲೇ ಅವರ ಕಣ್ಣಿಗೆ ಬೀಳದಂತೆ ಎತ್ತಿಡಿ, ದುಡ್ಡು ವಾಪಸ್ ಕಳಿಸುತ್ತೇವೆ" ಎಂದರು. ಆ ಮಾತು ಹೇಳುವಾಗ ಅವರ ದನಿ ನಡುಗುತ್ತಿತ್ತು.

ಆಹಾರ ಪದಾರ್ಥವು ರೋಗ ತಡೆಯುತ್ತದೆ, ಗುಣಪಡಿಸುತ್ತದೆ ಎಂದು ಜಾಹೀರಾತು ಮಾಡುವುದಕ್ಕೆ 2018ರ ಆಹಾರ ಸುರಕ್ಷತೆಯ ಜಾಹೀರಾತು ನಿಯಮಗಳಲ್ಲಿ ಅವಕಾಶವಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೇ ಕಲಮಿನಂತೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಬರೆದವರು ಬೇರೆಯವರು ಎಂದರೆ ಗಿರಾಕಿ ಕೇಳುವುದಿಲ್ಲ; ಬಾಟಲಿಯ ಮೇಲಿರುವುದು ನಮ್ಮ ಹೆಸರು.

ಒಂದೊಂದೇ ಪುಟ ತೆರೆದಂತೆ ಇನ್ನಷ್ಟು ಸಿಕ್ಕಿತು. ಪ್ರಮಾಣಪತ್ರವಿಲ್ಲದ ನಮ್ಮ ಪದಾರ್ಥದ ಪಕ್ಕದಲ್ಲಿ ಸಾವಯವಕ್ಕೆ ಮೀಸಲಾದ ಜೈವಿಕ್ ಭಾರತ್ ಲಾಂಛನ. ಭೌಗೋಳಿಕ ಸೂಚಿಯ, ಅಂದರೆ ಒಂದು ಪ್ರದೇಶದ ವಿಶಿಷ್ಟ ಪದಾರ್ಥಕ್ಕೆ ಸಿಗುವ ಜಿಐ ಮಾನ್ಯತೆಯ ಮುದ್ರೆ: ಅಪ್ಪೆಮಿಡಿಗೆ ಆ ಮಾನ್ಯತೆ ಇರುವುದು ನಿಜ, ಆದರೆ ಅದನ್ನು ಬಳಸಲು 1999ರ ಕಾಯ್ದೆಯಡಿ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು, ನಾವು ನೋಂದಾಯಿಸಿಕೊಂಡಿಲ್ಲ. ನಾವು ಕಂಡು ಕೇಳಿರದ ಹೆಸರುಗಳ ಕೆಳಗೆ ಐದೈದು ನಕ್ಷತ್ರದ ಅಭಿಪ್ರಾಯಗಳು. ಹಿಂತಿರುಗಿಸುವ ನಿಯಮದ ಪುಟವನ್ನು ಯಾವುದೋ ಬಟ್ಟೆ ಅಂಗಡಿಯಿಂದ ಎತ್ತಿದ್ದರು: "ಅಳತೆ ಸರಿಹೊಂದದಿದ್ದಲ್ಲಿ, ಒಗೆಯದೆ, ಏಳು ದಿನದೊಳಗೆ ಮರಳಿಸಿ." ಅದನ್ನೇ ಆಧಾರವಾಗಿಟ್ಟುಕೊಂಡು ಅರ್ಧ ಖಾಲಿಯಾದ ಬಾಟಲಿಗಳನ್ನು ವಾಪಸ್ ಕಳಿಸಿದವರಿದ್ದಾರೆ. ಅವರನ್ನು ದೂರಲಾರೆ. ಬರೆದದ್ದನ್ನು ಅವರು ನಂಬಿದರು.

ಬರಬೇಕಾಗಿದ್ದ ಬರಹವಾದರೂ ನಮ್ಮ ಮನೆಯಲ್ಲಿ ದಿನವೂ ಬಾಯಿಂದ ಬಾಯಿಗೆ ಹರಿದಾಡುತ್ತಿತ್ತು. ಗಿರಾಕಿಗಳು ಫೋನಿನಲ್ಲಿ ಕೇಳುವುದೇನು? ಮಿಡಿ ಸುಕ್ಕುಗಟ್ಟಿದೆ, ಹಾಳಾಗಿದೆಯೇ? ಎಣ್ಣೆ ಇಲ್ಲವಲ್ಲ, ಕೆಡುವುದಿಲ್ಲವೇ? ಅರ್ಧ ಕಿಲೋದಲ್ಲಿ ಮಿಡಿ ಎಷ್ಟು, ರಸ ಎಷ್ಟು? ಬೆಳ್ಳುಳ್ಳಿ ಹಾಕುತ್ತೀರಾ? ಅತ್ತೆ ಇವಕ್ಕೆಲ್ಲ ಬೇಸರವಿಲ್ಲದೆ ಉತ್ತರಿಸುತ್ತಾರೆ. ತೊಟ್ಟಿನ ಸಮೇತ ಕೊಯ್ದ ಮಿಡಿಯನ್ನೇ ಹಾಕುವುದು, ಏಕೆಂದರೆ ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ, ಮಿಡಿ ವರ್ಷಗಟ್ಟಲೆ ಬಾಳಲು ಆ ಸೊನೆ ಬೇಕು. ಮರದಿಂದ ನೆಲಕ್ಕೆ ಬಿದ್ದು ಪೆಟ್ಟಾದದ್ದು ಬೇಡ. ಹೊಳೆದಂಡೆಯ ಎತ್ತರದ ಮರ ಹತ್ತಿ ಜೋಪಾನವಾಗಿ ಇಳಿಸಬೇಕು, ಬೆಲೆ ಹೆಚ್ಚಲು ಅದೂ ಒಂದು ಕಾರಣ. ಹರಳುಪ್ಪಿನಲ್ಲಿ ಕೂತು ನೀರು ಬಿಟ್ಟ ಮೇಲೆ ಮಿಡಿ ಸುಕ್ಕುಗಟ್ಟಲೇಬೇಕು, ಸುಕ್ಕುಗಟ್ಟದಿದ್ದರೆ ಉಪ್ಪು ಒಳಗಿಳಿದಿಲ್ಲ ಎಂದರ್ಥ. ಜೀರಿಗೆ ಮಿಡಿಯ ತೊಟ್ಟು ಮುರಿದು ಮೂಸಿದರೆ ನಿಜಕ್ಕೂ ಜೀರಿಗೆಯ ಪರಿಮಳ.

ಇದನ್ನು ಕೇಳಿದ ಗಿರಾಕಿ ಮರುಮಾತಿಲ್ಲದೆ ಬಾಟಲಿ ಕೊಳ್ಳುತ್ತಾನೆ. ಇದಕ್ಕಿಂತ ಒಳ್ಳೆಯ ಮಾರಾಟದ ಬರಹವನ್ನು ಯಾವ ಸಂಸ್ಥೆಯೂ ಕೂತಲ್ಲೇ ಬರೆಯಲಾರದು. ಈಗ ಅತ್ತೆಯ ಮಾತುಗಳನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ, ನಾದಿನಿ ಕುಳಿತು ಬರೆದು, ಅವರಿಗೇ ಓದಿ ಹೇಳಿ ಹೊಸ ಪುಟಗಳನ್ನು ಮಾಡಿದ್ದೇವೆ. ಉಪ್ಪು ಹೆಚ್ಚು, ಬಿಪಿ ಇರುವವರು ವೈದ್ಯರನ್ನು ಕೇಳಿ ಬಳಸಿ ಎಂಬ ಸಾಲು ಬೆಲೆಯ ಪಕ್ಕದಲ್ಲೇ ಇದೆ. ಇದರಿಂದ ವ್ಯಾಪಾರ ಕಡಿಮೆಯಾಗುತ್ತದೆ ಎಂದು ಹೆದರಿಸಿದವರಿದ್ದರು, ಹಾಗೇನೂ ಆಗಿಲ್ಲ.

ಬರೆಸಲೇಬೇಕೆಂದಿದ್ದರೆ, ಮುಂಗಡ ಕೊಡುವ ಮೊದಲು ಇಷ್ಟನ್ನು ಕಾಗದದ ಮೇಲೆ ಬರೆಸಿಕೊಳ್ಳಿ: ನಾವು ಓದಿ ಸಹಿ ಹಾಕದ ಒಂದು ಸಾಲೂ ಪ್ರಕಟವಾಗಬಾರದು, ತಪ್ಪು ಮಾಹಿತಿಯನ್ನು ಶುಲ್ಕವಿಲ್ಲದೆ ಅಂದೇ ತೆಗೆಯಬೇಕು, ಡೊಮೇನ್ (ಸೈಟ್‌ನ ವಿಳಾಸ) ನಮ್ಮ ಹೆಸರಿನಲ್ಲಿ, ನಮ್ಮ ಇಮೇಲ್‌ಗೆ ನೋಂದಣಿಯಾಗಬೇಕು. ನಮ್ಮ ಹಳೆಯ ಡೊಮೇನ್ ಆ ಸಂಸ್ಥೆಯ ಹೆಸರಿನಲ್ಲೇ ಉಳಿದಿದೆ. ಔಷಧೀಯ ಎಂಬ ಆ ಪುಟ ಅಲ್ಲಿ ಇನ್ನೂ ತೆರೆದುಕೊಳ್ಳುತ್ತದೆ. ಅದನ್ನು ಓದಿ ಫೋನ್ ಮಾಡುವ ಪ್ರತಿಯೊಬ್ಬರಿಗೂ ಅದು ಸುಳ್ಳೆಂದು ನಾವೇ ಹೇಳುತ್ತಿದ್ದೇವೆ.