ಶಿವಮೊಗ್ಗದ ಹೊಸ ರಸ್ತೆ, ಫುಟ್‌ಪಾತ್, ಪಾರ್ಕಿಂಗ್: ಸ್ಕೂಟರ್ ಸವಾರನ ಲೆಕ್ಕದಲ್ಲಿ 5ಕ್ಕೆ 3

ನಾನು ಮೆಡಿಕಲ್ ರೆಪ್. ದುರ್ಗಿಗುಡಿ, ಕುವೆಂಪು ರಸ್ತೆ, ಜೈಲ್ ರಸ್ತೆ ಕಡೆಯ ಕ್ಲಿನಿಕ್‌ಗಳ ಮುಂದೆ ಸ್ಕೂಟರ್ ನಿಲ್ಲಿಸಿ, ಬ್ಯಾಗ್ ಹಿಡಿದು, ಡಾಕ್ಟರ್ ಕರೆಯುವವರೆಗೆ ಕಾಯುವುದೇ ನನ್ನ ಕೆಲಸ. ಹಾಗಾಗಿ ರಸ್ತೆ ಚೆನ್ನಾಗಿದೆಯೋ ಇಲ್ಲವೋ ಎನ್ನುವುದಕ್ಕೆ ನನ್ನ ಅಳತೆಗೋಲು ಒಂದೇ: ಗಾಡಿ ಎಲ್ಲಿ ನಿಲ್ಲಿಸಲಿ, ಅಲ್ಲಿಂದ ಹೇಗೆ ನಡೆಯಲಿ?

2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ನಮ್ಮೂರು ಸೇರಿತು. ಆಮೇಲೆ ವರ್ಷಗಟ್ಟಲೆ ಅಗೆತ, ಧೂಳು, ಕೆಸರು. ಇಷ್ಟೆಲ್ಲ ಆದ ಮೇಲೆ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಯಾವುದು ಅಂತ ಕೇಳಿದರೆ, ಕನ್ಸರ್ವೆನ್ಸಿ!

ಹೊರಗಿನವರಿಗೆ ಇದು ಏನು ಅಂತ ಗೊತ್ತಿರಲಿಕ್ಕಿಲ್ಲ. ಎರಡು ಸಾಲು ಮನೆಗಳ ಬೆನ್ನ ನಡುವೆ ಇರುವ ಓಣಿ ಅದು. ಪಾಯಿಖಾನೆ ಶುಚಿ ಮಾಡುವವರು ಹಿಂಬಾಗಿಲಿನಿಂದ ಬಂದು ಹೋಗಲಿ ಅಂತ ಆ ಕಾಲದಲ್ಲಿ ಬಿಟ್ಟ ದಾರಿ. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ರಾಜ್ಯದಲ್ಲಿ ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಓಣಿಗಳು ಮಾತ್ರ ಹಾಗೇ ಉಳಿದವು. ಕಸ, ಕಟ್ಟಡದ ಅವಶೇಷ, ಹಂದಿ, ಗೋಡೆಗೆ ನಿಂತ ಗಂಡಸರು. ಮೂಗು ಮುಚ್ಚಿಕೊಂಡೂ ಹೋಗುವ ಹಾಗಿರಲಿಲ್ಲ. ಈಗ ಹಲವು ಕಡೆ ನೆಲಕ್ಕೆ ಕಲ್ಲು ಹಾಸಿದ್ದಾರೆ, ದೀಪ ಹಾಕಿದ್ದಾರೆ, ಗೋಡೆಗೆ ಬಣ್ಣ ಬಂದಿದೆ. ನಾನು ಹೋಗುವ ಒಂದು ಓಣಿಯಲ್ಲಂತೂ ಬೈಕುಗಳು ಸಾಲಾಗಿ ನಿಲ್ಲುತ್ತವೆ. ಅಲ್ಲೇ ಹೂ ಕಟ್ಟುವ ಅಮ್ಮ ಒಬ್ಬರಿದ್ದಾರೆ. "ಅಣ್ಣ, ಹ್ಯಾಂಡಲ್ ಲಾಕ್ ಮಾಡ್ಬೇಡಿ, ಬೇಕಾದ್ರೆ ಸರಿಸ್ತೀನಿ" ಅಂತಾರೆ. ಸಂಬಳ ಇಲ್ಲದ ಪಾರ್ಕಿಂಗ್ ಅಟೆಂಡರ್. ಇದಕ್ಕೆ ಪೂರ್ತಿ ಅಂಕ.

ಫುಟ್‌ಪಾತ್‌ಗೆ ಅಷ್ಟು ಕೊಡಲಾರೆ. ಅಗಲ ಆಗಿದೆ, ಒಪ್ಪುತ್ತೇನೆ. ಆದರೆ ಎತ್ತರ? ಅಂಚುಕಲ್ಲು ರಸ್ತೆಯಿಂದ 15 ಸೆಂಟಿಮೀಟರ್‌ಗಿಂತ ಮೇಲೆ ಇರಬಾರದು ಎನ್ನುತ್ತದೆ ರಸ್ತೆಗಳಿಗೆ ಮಾನದಂಡ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ನಾನು ಹೋಗುವ ಒಬ್ಬ ಮೂಳೆ ಡಾಕ್ಟರ ಕ್ಲಿನಿಕ್ ಮುಂದೆ ಅದು ಹೆಚ್ಚುಕಡಿಮೆ ಮೊಣಕಾಲಿಗೆ ಬರುತ್ತದೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರನ್ನು ಇಬ್ಬರು ಎತ್ತಿ ಹತ್ತಿಸಬೇಕು. ಡಾಕ್ಟರಿಗೆ ವ್ಯಾಪಾರ ಜಾಸ್ತಿ ಆಗಲಿ ಅಂತ ಕಟ್ಟಿದರೋ ಏನೋ! ಗಾಲಿಕುರ್ಚಿಗೆ ಇಳಿಜಾರು ಬೇಕು ಅಂದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಅಲ್ಲಿರುವುದು ಸುಮ್ನೆ ಸುರಿದ ಸಿಮೆಂಟಿನ ಗುಡ್ಡೆ. ಅದರ ಮೇಲೆ ಮಳೆಗಾಲದಲ್ಲಿ ಪಾಚಿ ಬೇರೆ. ಇನ್ನೊಂದು ಕಡೆ ಕರೆಂಟಿನ ದೊಡ್ಡ ಪೆಟ್ಟಿಗೆಯೇ ಫುಟ್‌ಪಾತ್ ನಡುವೆ ನಿಂತಿದೆ. ಜನ ಮೊದಲಿನ ಹಾಗೇ ರಸ್ತೆಗಿಳಿದು ನಡೆಯುತ್ತಾರೆ. ಮಳೆಯಲ್ಲಿ ಛತ್ರಿ ಬಿಚ್ಚಿದರಂತೂ ಎದುರಿನಿಂದ ಬರುವವರಿಗೂ ಜಾಗ ಬಿಡಬೇಕು, ಬಸ್ಸಿಗೂ ಬಿಡಬೇಕು.

ಇನ್ನು ದಿನ ಬಿಟ್ಟು ದಿನದ ಪಾರ್ಕಿಂಗ್. ಸಮ ಸಂಖ್ಯೆಯ ತಾರೀಕಿಗೆ ರಸ್ತೆಯ ಒಂದು ಬದಿ, ಬೆಸಕ್ಕೆ ಇನ್ನೊಂದು. ಯೋಚನೆ ಒಳ್ಳೆಯದೇ. ಯಾವುದೋ ಒಂದೇ ಬದಿಯ ಅಂಗಡಿಯವರು ದಿನಾ ಅನುಭವಿಸುವುದು ತಪ್ಪುತ್ತದೆ. ಆದರೆ 31 ಆದ ಮೇಲೆ 1. ಎರಡೂ ಬೆಸ! ಆ ಬೆಳಗ್ಗೆ ಅರ್ಧ ಜನ ಅಭ್ಯಾಸಬಲದಿಂದ ಆ ಕಡೆ, ಅರ್ಧ ಜನ ತಾರೀಕು ನೋಡಿ ಈ ಕಡೆ. ನಡುವೆ ಉಳಿಯುವ ಸಂದಿಯಲ್ಲಿ ಆಟೋ. ಬೋರ್ಡ್ ಓದೋಣ ಅಂದರೆ ಮರದ ಕೊಂಬೆ ಅಡ್ಡ. ತಾರೀಕಿನ ಬದಲು ವಾರದ ದಿನ ಬರೆದಿದ್ದರೆ ಇಷ್ಟು ಗೋಜಲು ಇರುತ್ತಿರಲಿಲ್ಲ, ಅಲ್ವಾ?

ತುಂಗಾ ದಡದ ನಡಿಗೆ ದಾರಿ ನೋಡಲು ಚೆನ್ನಾಗಿದೆ. ಮನೆಯವರನ್ನು ಭಾನುವಾರ ಕರೆದುಕೊಂಡು ಹೋದರೆ ಎಲ್ಲರೂ ಖುಷಿ. ಮಳೆಗಾಲದಲ್ಲಿ ಗಾಜನೂರು ಅಣೆಕಟ್ಟೆಯಿಂದ ನೀರು ಬಿಟ್ಟರು ಅಂದರೆ ನದಿಯೊಳಗಿನ ಕೋರ್ಪಳಯ್ಯನ ಛತ್ರದ ಮಂಟಪ ಮುಳುಗಿತಾ ಅಂತ ನೋಡಲು ಊರೇ ಬರುತ್ತದೆ. ಆಗ ಬಿ.ಎಚ್. ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವವರ ಮುಖ ನೋಡಬೇಕು. ನದಿ ನೋಡಲು ಬಂದವರು ಗಾಡಿ ಎಲ್ಲಿಡಬೇಕು ಅಂತ ಯೋಚನೆ ಮಾಡಿದವರು ಕಮ್ಮಿ. ನನಗೆ ದಿನನಿತ್ಯ ಬೇಕಾದದ್ದು ಅದಲ್ಲ, ಹಾಗಾಗಿ ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಅದೇ ದುಡ್ಡಿನಲ್ಲಿ ಇನ್ನಷ್ಟು ಕನ್ಸರ್ವೆನ್ಸಿಗಳನ್ನು ಸರಿ ಮಾಡಿದ್ದರೆ, ಅವುಗಳ ಬಾಯಲ್ಲಿ "ಒಳಗೆ ಪಾರ್ಕಿಂಗ್ ಇದೆ" ಅಂತ ಒಂದು ಬೋರ್ಡ್ ಹಾಕಿದ್ದರೆ ಇನ್ನೊಂದು ಅಂಕ ಕೊಡುತ್ತಿದ್ದೆ. ಎಷ್ಟೋ ಜನರಿಗೆ ಈಗಲೂ ಗೊತ್ತೇ ಇಲ್ಲ. ಸಂಜೆ ಕ್ಲಿನಿಕ್‌ಗೆ ಬರುವವರಿದ್ದರೆ ಮುಖ್ಯ ರಸ್ತೆಯಲ್ಲಿ ಸುತ್ತಬೇಡಿ, ಹಿಂದಿನ ಓಣಿಗೆ ಹೋಗಿ. ಬೈಕ್ ಮಾತ್ರ ತನ್ನಿ. ಕಾರು ಒಳಗೆ ಹೋಗುತ್ತದೆ, ತಿರುಗಿಸಲು ಜಾಗ ಇಲ್ಲ. ಹೊರಗೆ ಬರುವಾಗ ಉದ್ದಕ್ಕೂ ರಿವರ್ಸ್.