ಕಾಫಿ ತೋಟಕ್ಕೆ ಎಟಿವಿ: ಬೆಲ್ಟೋ, ಗೇರೋ, ಮಿನಿ ಟ್ರಾಕ್ಟರೋ?

ಎಟಿವಿ, ಅಂದರೆ ಎಂಥ ನೆಲದಲ್ಲೂ ಓಡುವ ನಾಲ್ಕು ಚಕ್ರದ ಹ್ಯಾಂಡಲ್ ಗಾಡಿ, ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ಸಿಸಿ, ಎಷ್ಟು ಎಚ್‌ಪಿ ಎಂದು. 500 ಸಿಸಿ ದಾಟಿದ ಫೋರ್‌ವೀಲ್ ಗಾಡಿ ಯಾವುದೇ ಆಗಲಿ, ಕೊಡಗಿನ ತೋಟದ ಏರು ಅದಕ್ಕೆ ದೊಡ್ಡ ಸವಾಲಲ್ಲ. ಗಾಡಿಯ ಯೋಗ್ಯತೆ ಗೊತ್ತಾಗುವುದು ವಾಪಸು ಇಳಿಯುವಾಗ. ನವೆಂಬರ್ ಕೊನೆಯ ಅರೇಬಿಕಾ ಕುಯ್ಲು, ಹಿಂದಿನ ರಾತ್ರಿ ಚಂಡಮಾರುತದ ಮಳೆ, ಕೆಳಗೆ ಸಾಬೂನಿನಂತಾದ ಕೆಂಪು ಜೇಡಿ, ಹಿಂದೆ ಟ್ರೈಲರ್, ಅದರಲ್ಲಿ ನಾಲ್ಕು ಚೀಲ ಹಣ್ಣು. ಆ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಚಕ್ರ ಲಾಕ್ ಆಗಿ ಗಾಡಿ ಜಾರುತ್ತದೆ, ಬಿಟ್ಟರೆ ಓಡುತ್ತದೆ. ಎಂಜಿನ್ ತಾನಾಗಿ ಗಾಡಿಯನ್ನು ಹಿಡಿದುಕೊಳ್ಳುತ್ತದೆಯೋ ಇಲ್ಲವೋ ಎಂಬುದೇ ಮೊದಲ ಪ್ರಶ್ನೆ. ಹೋಲಿಸಿದ ಗಾಡಿಗಳನ್ನೆಲ್ಲ ಇದೇ ಭಾರ, ಇದೇ ಬಗೆಯ ಇಳಿಜಾರು ಇಟ್ಟುಕೊಂಡು ನೋಡಿದ್ದು.

ಒಂಟಿ ಸೀಟಿನ ಎಟಿವಿಗಳಲ್ಲಿ ಮೂರು ಜಾತಿ. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570, ಯಮಹಾ ಕೋಡಿಯಾಕ್ 700, ಹೋಂಡಾ ರೂಬಿಕಾನ್ 520 ಇವು ಒಂದೊಂದಕ್ಕೆ ಒಳ್ಳೆಯ ಮಾದರಿ. ಎಂಜಿನ್ ಕ್ರಮವಾಗಿ 567, 686 ಮತ್ತು 518 ಸಿಸಿ, ಮೂರೂ ಒಂದೇ ಸಿಲಿಂಡರಿನ ಪೆಟ್ರೋಲ್ ಎಂಜಿನ್. ಏರಿನಲ್ಲಿ ಮೂರರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಇಳಿಯುವಾಗ ಮೂರೂ ಬೇರೆ ಬೇರೆ ಪ್ರಾಣಿಗಳು.

ಸ್ಪೋರ್ಟ್ಸ್‌ಮನ್ನಿನಲ್ಲಿ ಇರುವುದು ಬೆಲ್ಟಿನ ಸಿವಿಟಿ, ಅಂದರೆ ಗೇರಿನ ಮೆಟ್ಟಿಲುಗಳಿಲ್ಲದೆ ವೇಗ ಬದಲಿಸುವ ವ್ಯವಸ್ಥೆ. ಎಂಜಿನ್ ಕಡೆ ಒಂದು ಪುಲ್ಲಿ, ಗೇರ್‌ಬಾಕ್ಸ್ ಕಡೆ ಇನ್ನೊಂದು, ನಡುವೆ ಅಗಲವಾದ ರಬ್ಬರ್ ಬೆಲ್ಟ್. ಎಂಜಿನ್ ವೇಗ ತಗ್ಗಿದಾಗ ಮೊದಲ ಪುಲ್ಲಿಯ ಎರಡು ತಟ್ಟೆಗಳು ದೂರ ಸರಿದು ಬೆಲ್ಟ್ ಸಡಿಲವಾಗುತ್ತದೆ. ಆ ಕ್ಷಣ ಗಾಡಿ ನ್ಯೂಟ್ರಲ್ಲಿಗೆ ಬಿದ್ದ ಹಾಗೆ ಹಗುರಾಗಿ ಮುಂದಕ್ಕೆ ನುಗ್ಗುತ್ತದೆ. ಇನ್ನೊಂದು ವಿಷಯ, ಇದರ ಮುಂದಿನ ಚಕ್ರಗಳಿಗೆ ಶಕ್ತಿ ಹೋಗುವುದು ಹಿಂದಿನ ಚಕ್ರ ಜಾರಿದಾಗ ಮಾತ್ರ. ಇಳಿಯುವಾಗ ಮುಂದಿನವು ತಮ್ಮ ಪಾಡಿಗೆ ಉರುಳುತ್ತವೆ. ಅಂದರೆ ಎಂಜಿನ್ನಿನ ಹಿಡಿತ ಇದ್ದರೂ ಅದು ಹಿಂದಿನ ಎರಡು ಚಕ್ರಕ್ಕೆ ಸೀಮಿತ. ಆಕ್ಟಿವ್ ಡಿಸೆಂಟ್ ಕಂಟ್ರೋಲ್ ಇರುವ ಮಾದರಿಯಲ್ಲಿ ಈ ಕೊರತೆ ಇಲ್ಲ, ನಾಲ್ಕೂ ಚಕ್ರ ಹಿಡಿಯುತ್ತವೆ. ಭಾಗಮಂಡಲ, ಗಾಳಿಬೀಡು ಕಡೆಯ ಕಡಿದಾದ ತೋಟಕ್ಕೆ ಆ ಸೌಲಭ್ಯ ಇಲ್ಲದ ಮಾದರಿಯನ್ನು ಕೊಳ್ಳಬೇಡಿ. ಅಮ್ಮತ್ತಿ, ಪಾಲಿಬೆಟ್ಟದಂಥ ತಗ್ಗುದಿಬ್ಬದ ನೆಲಕ್ಕೆ ಸಾಮಾನ್ಯ ಮಾದರಿ ಸಾಕು.

ಇಂಥ ಗಾಡಿಯನ್ನು ಇಳಿಸುವ ಕ್ರಮ ಹೀಗೆ. ಇಳಿಜಾರಿನ ಮೇಲ್ತುದಿಯಲ್ಲೇ ಪೂರ್ತಿ ನಿಲ್ಲಿಸಿ ಲೋ ಗೇರಿಗೆ ಹಾಕಬೇಕು, ನಡುವೆ ಬದಲಿಸಲು ಹೋಗಬಾರದು. ಹೆಬ್ಬೆರಳಿನಿಂದ ಥ್ರಾಟಲ್ಲನ್ನು ಎಳ್ಳಷ್ಟು ಒತ್ತಿಯೇ ಇಟ್ಟುಕೊಂಡರೆ ಪುಲ್ಲಿ ಬೆಲ್ಟನ್ನು ಬಿಡುವುದಿಲ್ಲ. ಅದರ ಮೇಲೆ ಬ್ರೇಕನ್ನು ಹಿಂಡಿ ಹಿಂಡಿ ಬಿಡುತ್ತಾ ಬರಬೇಕು. ಹೊಸಬರು ಹೆದರಿ ಹೆಬ್ಬೆರಳನ್ನು ಪೂರ್ತಿ ಎತ್ತುತ್ತಾರೆ, ಟ್ರೈಲರ್ ಹಿಂದಿನಿಂದ ತಳ್ಳುವುದು ಅಲ್ಲೇ ಶುರು. ತೋಟಕ್ಕೆ ಹೊಸ ಡ್ರೈವರ್ ಬಂದಾಗ ಬೇರೇನು ಹೇಳಿಕೊಡದಿದ್ದರೂ ಇದೊಂದನ್ನು ಖಾಲಿ ಗಾಡಿಯಲ್ಲಿ ಹತ್ತು ಸಲ ಮಾಡಿಸಿ.

ಕೋಡಿಯಾಕಿನಲ್ಲೂ ಇರುವುದು ಬೆಲ್ಟೇ, ಆದರೆ ಅದು ಸದಾ ಬಿಗಿಯಾಗಿಯೇ ಇರುತ್ತದೆ. ಒಂದೇ ದಿಕ್ಕಿಗೆ ತಿರುಗುವ ಕ್ಲಚ್ ಒಂದು ಒಳಗಿದ್ದು, ಥ್ರಾಟಲ್ ಬಿಟ್ಟಾಗ ಚಕ್ರದ ಓಟವನ್ನು ಎಂಜಿನ್ನಿಗೆ ಕಟ್ಟಿ ಹಾಕುತ್ತದೆ. ಫೋರ್‌ವೀಲ್ ಬಟನ್ ಒತ್ತಿದ್ದರೆ ಮುಂದಿನ ಚಕ್ರಗಳೂ ಜೊತೆಗೆ ಹಿಡಿಯುತ್ತವೆ. ಲೋ ಗೇರ್ ಹಾಕಿ ಕೈಬಿಟ್ಟರೂ ಗಾಡಿ ನಡಿಗೆಯ ವೇಗದಲ್ಲಿ ತಾನೇ ಇಳಿಯುತ್ತದೆ, ಬ್ರೇಕನ್ನು ತಿರುವಿಗೆ ಮಾತ್ರ ಮುಟ್ಟಿದರೆ ಸಾಕು. ಒದ್ದೆ ಜೇಡಿಯಲ್ಲಿ ಇದರಷ್ಟು ನೆಮ್ಮದಿ ಕೊಡುವ ಬೆಲ್ಟ್ ಗಾಡಿ ಇನ್ನೊಂದಿಲ್ಲ.

ರೂಬಿಕಾನಿನಲ್ಲಿ ಬೆಲ್ಟೇ ಇಲ್ಲ. ಎಣ್ಣೆಯಲ್ಲಿ ಮುಳುಗಿದ ಎರಡು ಕ್ಲಚ್ಚು, ಐದು ಗೇರು, ಅದಕ್ಕೆ ಹೈ ಮತ್ತು ಲೋ. ಕೈಯಲ್ಲಿ ಒಂದನೇ ಗೇರ್ ಹಾಕಿಟ್ಟರೆ ಹಳೇ ಜೀಪಿನ ಲೋ ರೇಷಿಯೋದಲ್ಲಿ ಇಳಿದ ಹಾಗೆಯೇ ಇಳಿಯುತ್ತದೆ. ಆಟೋಮ್ಯಾಟಿಕ್ಕಿನಲ್ಲಿ ಬಿಟ್ಟರೆ ಮಾತ್ರ ಏರಿನ ಮಧ್ಯೆ ಗೇರ್ ಬದಲಿಸುತ್ತದೆ. ಆ ಅರೆಕ್ಷಣದಲ್ಲಿ ಓಟ ತಪ್ಪಿ ಚಕ್ರ ಗಿರಕಿ ಹೊಡೆಯುವುದುಂಟು, ಹಾಗಾಗಿ ಭಾರ ಇದ್ದಾಗ ಕೈ ಗೇರೇ ಸರಿ. ಏರಿನಲ್ಲಿ ನಿಲ್ಲಬೇಕಾದರೆ ಥ್ರಾಟಲ್ಲಿನಿಂದ ತಡೆದು ನಿಲ್ಲಿಸಬಾರದು, ಬ್ರೇಕ್ ಹಿಡಿಯಬೇಕು. ಥ್ರಾಟಲ್ಲಿನಲ್ಲಿ ನಿಲ್ಲಿಸುವ ಚಟ ಕ್ಲಚ್ ತಟ್ಟೆಯನ್ನು ಸುಡುತ್ತದೆ, ಎಣ್ಣೆಯೂ ಹಾಳು.

ಇಷ್ಟು ಹೊಗಳಿದ ಮೇಲೆ ಕಹಿ ಮಾತು. ಯಮಹಾ, ಹೋಂಡಾ ಎಟಿವಿಗಳು ನಮ್ಮ ಊರಿನ ಮಾಮೂಲಿ ಶೋರೂಮಿನಲ್ಲಿ ಸಿಗುವ ಸರಕಲ್ಲ, ಆಮದಾಗಿ ಬಂದವು, ಕೈ ಬದಲಾಯಿಸಿದವು. ಒಂದು ಬೇರಿಂಗ್ ಅಥವಾ ಸೆನ್ಸರ್ ಹೋದರೆ ಬಿಡಿಭಾಗ ಹೊರದೇಶದಿಂದ ಬರಬೇಕು. ಅಷ್ಟರೊಳಗೆ ಕುಯ್ಲು ಮುಗಿದಿರುತ್ತದೆ. ಕೊಳ್ಳುವುದಾದರೆ ಏರ್ ಫಿಲ್ಟರ್, ಯಮಹಾ ಆದರೆ ಎರಡು ಬೆಲ್ಟ್, ಮುಂದಿನ ಚಕ್ರದ ಎರಡು ಆಕ್ಸಲ್, ಫ್ಯೂಯಲ್ ಪಂಪ್, ಬ್ರೇಕ್ ಪ್ಯಾಡ್ ಇವಿಷ್ಟನ್ನು ಗಾಡಿಯ ಜೊತೆಗೇ ತರಿಸಿಡಿ. ಅದಕ್ಕೆ ದುಡ್ಡಿಲ್ಲ ಎಂದಾದರೆ ಆ ಗಾಡಿಗೂ ದುಡ್ಡಿಲ್ಲ ಎಂದೇ ಲೆಕ್ಕ.

ಭಾರದ ವಿಷಯಕ್ಕೆ ಬರೋಣ. ಕೋಡಿಯಾಕ್, ರೂಬಿಕಾನ್ ಎಳೆಯುವ ಮಿತಿ 600 ಕಿಲೋ, ಸ್ಪೋರ್ಟ್ಸ್‌ಮನ್ನಿನದು ತುಸು ಹೆಚ್ಚು. ಇದು ಸಮತಟ್ಟಾದ ನೆಲದ ಲೆಕ್ಕ. ಇಳಿಜಾರಿನಲ್ಲಿ ಅದರ ಅರ್ಧ ಎಂದೇ ಇಟ್ಟುಕೊಳ್ಳಿ, ಟ್ರೈಲರಿನ ತೂಕವೂ ಅದರಲ್ಲೇ ಸೇರಬೇಕು. ಕಬ್ಬಿಣದ ಟ್ರೈಲರ್ 100 ಕಿಲೋ ಇದ್ದರೆ ಉಳಿಯುವುದು 50 ಕಿಲೋದ ನಾಲ್ಕು ಚೀಲಕ್ಕೆ ಜಾಗ. ಆರು ಹೇರಿದರೆ ಹತ್ತುತ್ತದೆ, ಇಳಿಯುವಾಗ ತಿರುವಿನಲ್ಲಿ ಗಾಡಿಯ ಬಾಲವನ್ನು ಟ್ರೈಲರ್ ಪಕ್ಕಕ್ಕೆ ತಳ್ಳುತ್ತದೆ. ಚೀಲಗಳನ್ನು ಆಕ್ಸಲ್ಲಿನಿಂದ ಸ್ವಲ್ಪ ಮುಂದಕ್ಕೆ ಹೇರಿ. ಭಾರ ಹಿಂದಕ್ಕೆ ಬಿದ್ದರೆ ಹುಕ್ಕು ಮೇಲೆತ್ತಿ ಗಾಡಿಯ ಹಿಂಚಕ್ರದ ಹಿಡಿತವೇ ಹೋಗುತ್ತದೆ.

ಹಿಂದಿನ ರ‍್ಯಾಕಿನ ಮಿತಿ 85ರಿಂದ 109 ಕಿಲೋವರೆಗೆ. ಬೋರ್ಡೋ ಸಿಂಪಡಣೆಗೆ ಶೇ 0.5ರ ದ್ರಾವಣ ಎಂದರೆ 200 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆ ಪೂರ್ತಿ ಬ್ಯಾರಲ್ ಯಾವ ಎಟಿವಿಯ ಬೆನ್ನಿಗೂ ಏರಬಾರದು. 60 ಲೀಟರಿನ ಟ್ಯಾಂಕು, ಪಂಪು ಸೇರಿ 80 ಕಿಲೋದೊಳಗೆ ನಿಲ್ಲುತ್ತದೆ, ಅದೇ ಗರಿಷ್ಠ. ಅರ್ಧ ಖಾಲಿಯಾದ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯ. ನೀರು ಒಂದು ಬದಿಗೆ ಅಲುಗಿದರೆ ಅಡ್ಡ ಇಳಿಜಾರಿನಲ್ಲಿ ಗಾಡಿ ಅದರ ಜೊತೆಗೇ ವಾಲುತ್ತದೆ. ಒಳಗೆ ತಡೆ ತಟ್ಟೆ ಇರುವ ಟ್ಯಾಂಕನ್ನೇ ಹುಡುಕಿ. ಮತ್ತೆ, ಒಂಟಿ ಸೀಟಿನ ಗಾಡಿಯ ರ‍್ಯಾಕಿನ ಮೇಲೆ ಆಳನ್ನು ಕೂರಿಸಿಕೊಂಡು ಹೋಗುವುದು ಎಲ್ಲ ತೋಟದಲ್ಲೂ ಕಾಣುತ್ತದೆ. ಏರಿನಲ್ಲಿ ಮುಂಚಕ್ರ ಎದ್ದರೆ ಗಾಡಿ ಮೊದಲು ಬೀಳುವುದು ಹಿಂದೆ ಕೂತವನ ಮೇಲೆ. ದಯವಿಟ್ಟು ಬೇಡ.

ಇಬ್ಬರು ಕೂರಬೇಕು, ಸಾಮಾನೂ ಹೋಗಬೇಕು ಎನ್ನುವವರಿಗೆ ಸೈಡ್ ಬೈ ಸೈಡ್, ಅಂದರೆ ಅಕ್ಕಪಕ್ಕ ಸೀಟಿನ ಸ್ಟೀರಿಂಗ್ ಗಾಡಿ. ಪೊಲಾರಿಸ್ ರೇಂಜರ್ 570ರ ಹಿಂದಿನ ಪೆಟ್ಟಿಗೆಗೆ 227 ಕಿಲೋ, 999 ಸಿಸಿಯ ರೇಂಜರ್ ಎಕ್ಸ್‌ಪಿ 1000ಕ್ಕೆ 454 ಕಿಲೋ. ಸೀಟ್ ಬೆಲ್ಟು, ತಲೆಯ ಮೇಲೆ ಪಂಜರ ಇರುವುದರಿಂದ ಉರುಳಿದರೂ ಜೀವ ಉಳಿಯುವ ಸಾಧ್ಯತೆ ಹೆಚ್ಚು. ಆದರೆ ಅಗಲ ನೋಡಿ. ಎಟಿವಿ ಸುಮಾರು 1.2 ಮೀಟರ್, ರೇಂಜರ್ 570 ಸುಮಾರು ಒಂದೂವರೆ, ದೊಡ್ಡದು 1.6 ಮೀಟರ್. ಹತ್ತಡಿ ಅಂತರದ ರೋಬಸ್ಟಾ ಸಾಲಿನಲ್ಲೂ ಗಿಡದ ರೆಕ್ಕೆಗಳು (ಪಕ್ಕದ ಕೊಂಬೆಗಳು) ಕೂಡಿಕೊಂಡ ಮೇಲೆ ಉಳಿಯುವುದು ನಾಲ್ಕಡಿ ಚಿಲ್ಲರೆ. ರೇಂಜರ್ ಹೋಗುವುದು ಜೀಪ್ ದಾರಿ ಇರುವಲ್ಲಿ ಮಾತ್ರ, ಅಲ್ಲಿಗೆ ನಿಮ್ಮ ಹಳೇ ಜೀಪೇ ಹೋಗುತ್ತದಲ್ಲ. ಸಿದ್ದಾಪುರ, ಮಾಲ್ದಾರೆ ಕಡೆ ಬೆಳಗಿನ ಹೊತ್ತು ದಾರಿಯಲ್ಲಿ ಆನೆ ನಿಂತಿದ್ದರೆ ಎಟಿವಿಯನ್ನು ಇದ್ದಲ್ಲೇ ಹಿಂದೆ ಮುಂದೆ ಮಾಡಿ ತಿರುಗಿಸಬಹುದು, ದೊಡ್ಡ ಗಾಡಿಯನ್ನು ರಿವರ್ಸಿನಲ್ಲೇ ತರಬೇಕು. ಈ ವರ್ಗವನ್ನು ತೋಟದ ಕೆಲಸಕ್ಕೆ ನಾವು ಶಿಫಾರಸು ಮಾಡುವುದಿಲ್ಲ, ಹೋಂಸ್ಟೇ ನಡೆಸುವವರ ಲೆಕ್ಕ ಬೇರೆ.

ನಿಜವಾದ ಪೈಪೋಟಿ ಕೊಡುವುದು 24 ಎಚ್‌ಪಿಯ ಫೋರ್‌ವೀಲ್ ಮಿನಿ ಟ್ರಾಕ್ಟರ್. ಕುಬೋಟಾ ನಿಯೋಸ್ಟಾರ್ ಬಿ 2441, ಮಹೀಂದ್ರ ಜಿವೊ 245 ಡಿಐ ಎರಡೂ ಈ ಅಳತೆಯವು, ಹೈಡ್ರಾಲಿಕ್ 750 ಕಿಲೋ ಎತ್ತುತ್ತದೆ. ಅಗಲ ಎಟಿವಿಯನ್ನು ಮೀರುವುದಿಲ್ಲ. ಡೀಸೆಲ್ ಎಂಜಿನ್, ನೇರ ಗೇರು, ಲೋ ಒಂದರಲ್ಲಿ ಇಳಿಸಿದರೆ ಎಂಜಿನ್ ಬಿಗಿಯಾಗಿ ಹಿಡಿಯುತ್ತದೆ. ಎಂಜಿನ್ ಶಕ್ತಿಯಿಂದ ಬೇರೆ ಯಂತ್ರಗಳನ್ನು ತಿರುಗಿಸುವ ಹಿಂದಿನ ದಂಡ, ಪಿಟಿಒ, ಇರುವುದು ಎಟಿವಿಯಲ್ಲಿ ಇಲ್ಲವೇ ಇಲ್ಲದ ಅನುಕೂಲ. ಮೇ ಕೊನೆಯ ಬೋರ್ಡೋ ಸಿಂಪಡಣೆ, ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಪೈಪು ಸಾಗಿಸುವುದು, ಕಳೆ ಕೊಚ್ಚುವುದು ಎಲ್ಲ ಒಂದೇ ಗಾಡಿಯಲ್ಲಿ ಆಗುತ್ತದೆ. ಬೆಲೆ ಎಟಿವಿಗಿಂತ ಕಡಿಮೆ, ಮೆಕ್ಯಾನಿಕ್ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಸಿಗುತ್ತಾನೆ.

ಟ್ರಾಕ್ಟರಿನ ಅಪಾಯ ಅಡ್ಡ ಇಳಿಜಾರಿನಲ್ಲಿ. ಗಾಡಿ ಕಿರಿದು, ಭಾರ ಎತ್ತರದಲ್ಲಿ. ಕೆಳಗಿನ ಚಕ್ರ ಒಂದು ಗುಂಡಿಗೆ ಇಳಿದು, ಮೇಲಿನ ಚಕ್ರ ಒಂದು ಮರದ ಬೇರು ಹತ್ತಿದರೆ ಅಷ್ಟೇ ಸಾಕು. ಹಿಂಚಕ್ರಗಳ ಅಂತರವನ್ನು ದಾರಿ ಬಿಟ್ಟಷ್ಟೂ ಅಗಲಕ್ಕೆ ಹೊಂದಿಸಿ, ರೋಲ್ ಬಾರ್ ಇಲ್ಲದ ಮಾದರಿಯಾದರೆ ಹಾಕಿಸಿಕೊಂಡೇ ತೋಟಕ್ಕೆ ಇಳಿಸಿ. ಎಡ ಬಲದ ಎರಡು ಬ್ರೇಕ್ ಪೆಡಲ್‌ಗಳನ್ನು ಸೇರಿಸುವ ಕೊಂಡಿ ಹಾಕಿದೆಯೇ ಎಂದು ಇಳಿಯುವ ಮೊದಲು ಕಣ್ಣಾರೆ ನೋಡಿ. ಕೊಂಡಿ ಬಿಟ್ಟಿದ್ದರೆ ಒಂದೇ ಚಕ್ರ ಹಿಡಿದು ಟ್ರಾಕ್ಟರ್ ಗಿರ್ರನೆ ತಿರುಗುತ್ತದೆ. ಇಳಿಯುವಾಗ ಕ್ಲಚ್ ಒತ್ತುವುದು, ಗೇರ್ ಬದಲಿಸುವುದು ಬೇಡವೇ ಬೇಡ. ಟ್ರೈಲರನ್ನು ಕೆಳಗಿನ ಹುಕ್ಕಿಗೇ ಕಟ್ಟಿ, ಮೇಲೆ ಕಟ್ಟಿದರೆ ಏರಿನಲ್ಲಿ ಮೂತಿ ಎತ್ತುತ್ತದೆ.

ಹಾಗಾದರೆ ಎಟಿವಿ ಯಾರಿಗೆ? ತೋಟ ಎರಡು ಮೂರು ತುಂಡಾಗಿ ಹರಡಿ, ನಡುವೆ ತೋಡು (ಸಣ್ಣ ಹಳ್ಳ), ಗದ್ದೆ ದಾಟಿ ಓಡಾಡಬೇಕಾದವರಿಗೆ, ದಿನಕ್ಕೆ ಹತ್ತು ಸಲ ಸಣ್ಣ ಸಣ್ಣ ಭಾರ ಸಾಗಿಸುವವರಿಗೆ. ಮೃದು ಟೈರು ಗದ್ದೆಯ ಬದುವನ್ನು ಟ್ರಾಕ್ಟರಿನಷ್ಟು ಕೆಡಿಸುವುದಿಲ್ಲ. ಒಂದೇ ಗಾಡಿ ಕೊಳ್ಳುವ ಶಕ್ತಿ ಇರುವವರು ಮಿನಿ ಟ್ರಾಕ್ಟರ್ ಕೊಳ್ಳಲಿ. ಅದು ಈಗಾಗಲೇ ಇದ್ದು ಎರಡನೆಯದಕ್ಕೆ ನೋಡುತ್ತಿರುವವರು ಎಟಿವಿಗೆ ಬರಲಿ.

ಆ ಮೃದು ಟೈರಿನ ಗಾಳಿ 5ರಿಂದ 7 ಪಿಎಸ್‌ಐ. ಪಂಕ್ಚರ್ ಅಂಗಡಿಯ ಮೀಟರಿನಲ್ಲಿ 10ರ ಕೆಳಗೆ ಮುಳ್ಳು ಅಲ್ಲಾಡುವುದೇ ಇಲ್ಲ, ಅವರು ಅಂದಾಜಿಗೆ 15 ತುಂಬಿ ಕಳಿಸುತ್ತಾರೆ. ಆಗ ಗಾಡಿ ಚೆಂಡಿನಂತೆ ಪುಟಿದು ಜೇಡಿಯಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. 0ಯಿಂದ 15ರವರೆಗಿನ ಸಣ್ಣ ಮೀಟರ್ ಒಂದನ್ನು ಸೀಟಿನ ಕೆಳಗೆ ಇಟ್ಟಿರಿ, ಜೊತೆಗೆ ಪ್ಲಗ್ ಕಿಟ್. ಕಪಾತು ಮಾಡಿದ, ಅಂದರೆ ಸವರಿದ, ಕಾಫಿ ರೆಕ್ಕೆಯ ಚೂಪು ಮೊನೆ ಟೈರಿನ ಪಕ್ಕೆಗೆ ಚುಚ್ಚುತ್ತದೆ, ಅಲ್ಲಿ ಪ್ಲಗ್ ನಿಲ್ಲುವುದು ಕಷ್ಟ. 6 ಪ್ಲೈ ಟೈರೇ ಹಾಕಿಸಿ.

ಅದೇ ಕಡ್ಡಿಗಳು ಆಕ್ಸಲ್ಲಿನ ರಬ್ಬರ್ ಬೂಟನ್ನೂ ಹರಿಯುತ್ತವೆ. ಬೂಟು ಹರಿದರೆ ಗ್ರೀಸ್ ಹೊರಗೆ, ಕೆಂಮಣ್ಣು ಒಳಗೆ, ಮುಂದೆ ಅದು ಉಕ್ಕನ್ನೇ ಸವೆಸುವ ಅರದಂತೆ. ತಿರುವಿನಲ್ಲಿ ಟಕಟಕ ಸದ್ದು ಬಂದರೆ ಕೆಲಸ ಮುಗಿದಿದೆ. ವಾರಕ್ಕೊಮ್ಮೆ ಬಗ್ಗಿ ನಾಲ್ಕೂ ಕಡೆ ಒದ್ದೆ ಗ್ರೀಸ್ ಕಾಣುತ್ತದೆಯೇ ನೋಡಿ, ಬೂಟು ಮಾತ್ರ ಬದಲಿಸಿದರೆ ಅಗ್ಗದಲ್ಲಿ ಮುಗಿಯುತ್ತದೆ. ರೇಡಿಯೇಟರಿಗೆ ಮಣ್ಣು ಮೆತ್ತಿದ್ದರೆ ಮೆಲ್ಲಗಿನ ನೀರಿನಲ್ಲಿ ಹಿಂದಿನಿಂದ ಮುಂದಕ್ಕೆ ತೊಳೆಯಿರಿ. ಪ್ರೆಶರ್ ಪಂಪು ರೇಡಿಯೇಟರಿನ ತೆಳು ತಗಡುಗಳನ್ನು ಮಡಚಿಬಿಡುತ್ತದೆ, ಬೇರಿಂಗಿನ ಸೀಲಿನೊಳಗೂ ನೀರು ಹೊಗಿಸುತ್ತದೆ.

ಬೆಲ್ಟ್ ಸಾಯುವುದು ಬಿಸಿಯಿಂದ. ಭಾರ ಇಟ್ಟುಕೊಂಡು ಹೈ ಗೇರಿನಲ್ಲಿ ಏರುವುದೇ ಅದಕ್ಕೆ ಮುಖ್ಯ ಕಾರಣ. ಗಂಟೆಗೆ 15 ಕಿಲೋಮೀಟರ್ ಒಳಗಿನ ಕೆಲಸವೆಲ್ಲ ಲೋ ಗೇರಿನಲ್ಲೇ ಆಗಬೇಕು. ತೋಡು ದಾಟುವಾಗ ಕೇಸಿನೊಳಗೆ ನೀರು ಹೋಗಿ ಬೆಲ್ಟ್ ಜಾರತೊಡಗಿದರೆ ಎಳೆಯಲು ಹೋಗಬೇಡಿ. ಕೇಸಿನ ಅಡಿಯ ಪ್ಲಗ್ ಬಿಚ್ಚಿ ನೀರು ಬಸಿದು, ನ್ಯೂಟ್ರಲ್ಲಿನಲ್ಲಿ ಎಂಜಿನ್ ಏರಿಸಿ ಇಳಿಸಿ ಒಣಗಿಸಿ ಮುಂದೆ ಹೋಗಿ.

ಹೂತ ಗಾಡಿಯನ್ನು ಹಗ್ಗದಿಂದ ಎಳೆಯುವ ವಿಂಚ್ ಹಾಕಿಸುವವರು ಅಗಲ ಪಟ್ಟಿಯನ್ನೂ ತೆಗೆದುಕೊಳ್ಳಿ, ಹಗ್ಗವನ್ನೇ ಮರಕ್ಕೆ ಸುತ್ತಬೇಡಿ. ಹಾಲುವಾಣಕ್ಕೆ ಕಟ್ಟಿದರೆ ಮರವೇ ಮುರಿದು ಬರುತ್ತದೆ, ಮೆಣಸಿನ ಬಳ್ಳಿ ಹಬ್ಬಿದ ಮರಕ್ಕೆ ಕಟ್ಟಿದರೆ ಬಳ್ಳಿ ಹೋಗುತ್ತದೆ. ಹಲಸು, ನಂದಿಯಂಥ ಗಟ್ಟಿ ಮರದ ಬುಡವೇ ಆಗಬೇಕು.

ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಗಾಡಿಗೆ ಪೆಟ್ರೋಲಿನಲ್ಲಿ ಬೆರೆತ ಎಥನಾಲ್ ಇನ್ನೊಂದು ತೊಂದರೆ. ಅದು ಗಾಳಿಯ ತೇವ ಹೀರಿ ಟ್ಯಾಂಕಿನ ತಳದಲ್ಲಿ ನೀರಾಗಿ ಕೂರುತ್ತದೆ, ಪಂಪು ಮೊದಲು ಎಳೆಯುವುದು ಅದನ್ನೇ. ನಿಲ್ಲಿಸುವುದಾದರೆ ಟ್ಯಾಂಕ್ ಬರಿದು ಮಾಡಿ, ಬ್ಯಾಟರಿಯ ತಂತಿ ಬಿಚ್ಚಿ, ಇಲಿ ಒಳಗೆ ಗೂಡು ಕಟ್ಟದಂತೆ ಏರ್ ಫಿಲ್ಟರ್ ಬಾಯಿಗೆ ಜಾಲರಿ ಹಾಕಿಡಿ.

ಕಾಗದ ಪತ್ರದ ಮಾತು. ಆರ್‌ಟಿಒ ನೋಂದಣಿ ಆಗದ ಎಟಿವಿ ತೋಟದ ಬೇಲಿಯೊಳಗೆ ಮಾತ್ರ. ಎರಡು ತುಂಡು ತೋಟದ ನಡುವೆ ಪಂಚಾಯ್ತಿ ರಸ್ತೆ ಇದ್ದರೆ ಅಷ್ಟು ದೂರಕ್ಕೂ ನೋಂದಣಿ, ಥರ್ಡ್ ಪಾರ್ಟಿ ವಿಮೆ ಬೇಕು. ಪೊಲಾರಿಸ್ ತನ್ನ ಸ್ಪೋರ್ಟ್ಸ್‌ಮನ್ 570ರ ಒಂದು ಮಾದರಿಯನ್ನು ಟ್ರಾಕ್ಟರ್ ವರ್ಗದಲ್ಲೇ ಇಲ್ಲಿ ತಂದಿತ್ತು. ಹಳೆಯದನ್ನು ಕೊಳ್ಳುವಾಗ ಅದು ಆ ಮಾದರಿಯೇ, ಆರ್‌ಸಿ ಪುಸ್ತಕದಲ್ಲಿ ಚಾಸಿಸ್ ನಂಬರ್ ತಾಳೆಯಾಗುತ್ತದೆಯೇ ನೋಡಿಯೇ ಮುಂಗಡ ಕೊಡಿ. ಮುಂಗಡಕ್ಕೂ ಮೊದಲು ನಾಲ್ಕು ಚೀಲ ಮರಳು ಹೇರಿದ ಟ್ರೈಲರ್ ಕಟ್ಟಿ, ನಿಮ್ಮದೇ ತೋಟದ ಅತಿ ಕಡಿದಾದ ದಾರಿಗೆ ಒಂದು ಬ್ಯಾರಲ್ ನೀರು ಸುರಿದು, ಅಲ್ಲಿ ಇಳಿಸಿ ತೋರಿಸಲು ಮಾರುವವರಿಗೇ ಹೇಳಿ.